ಬಂಡೆಯ ಕಂಪನ, ಎದೆಯ ಧೂಳು: ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದ ವಿಜ್ಞಾನ

ಕೋಲಾರ ಚಿನ್ನದ ಗಣಿಯ ಚರಿತ್ರೆಯನ್ನು ಬರೆದವರು ಅದನ್ನು ಬಹುಮಟ್ಟಿಗೆ ಚಿನ್ನದ ತೂಕದಲ್ಲಿಯೇ ಅಳೆದಿದ್ದಾರೆ. 1880ರ ದಶಕದಿಂದ ಮೊದಲ್ಗೊಂಡು 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತೆಂಬ ಅಂದಾಜಿದೆ. ಆದರೆ ಅದೇ ನೆಲದಡಿಯಲ್ಲಿ, ಅತಿ ಆಳದ ಬಂಡೆ ಹೇಗೆ ಸಿಡಿಯುತ್ತದೆ ಮತ್ತು ಕಲ್ಲಿನ ಧೂಳು ಮನುಷ್ಯನ ಶ್ವಾಸಕೋಶವನ್ನು ಹೇಗೆ ಕೆಡಿಸುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿಜ್ಞಾನವೂ ಬೆಳೆಯಿತು. ಈ ಎರಡು ಪ್ರಶ್ನೆಗಳು ಒಂದೇ ಕಾಲದಲ್ಲಿ ಹುಟ್ಟಿದರೂ ಅವುಗಳಿಗೆ ದೊರೆತ ಗಮನ ಒಂದೇ ಆಗಿರಲಿಲ್ಲ. ಯಾವ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲಾಯಿತು, ಯಾವುದನ್ನು ಬಿಡಲಾಯಿತು ಎಂಬುದು ಆ ಅಂತರದಲ್ಲಿ ಸ್ಪಷ್ಟವಾಗುತ್ತದೆ.

ಮಾರಿಕುಪ್ಪಂ, ಊರಿಗಾಂ ಸುತ್ತಮುತ್ತಲಿನ ಜನರು ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಬ್ರಿಟಿಷ್ ಅಧಿಕಾರಿ ಜಾನ್ ವಾರೆನ್ 1802ರಲ್ಲಿಯೇ ಗಮನಿಸಿದ್ದನು. 1875ರಲ್ಲಿ ಮೈಕೆಲ್ ಲಾವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕು ಪಡೆದನು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಬಂದು, ಚಾಂಪಿಯನ್ ಲೋಡ್ ಎಂದು ಹೆಸರಾದ ಅದಿರಿನ ಪದರವನ್ನು ಕಂಡುಕೊಂಡ ಮೇಲೆ ಉದ್ಯಮ ಭದ್ರವಾಯಿತು. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ಜಲವಿದ್ಯುತ್ತು 1902ರಲ್ಲಿ ಸುಮಾರು 150 ಕಿಲೋಮೀಟರ್ ದೂರ ತಂತಿಯ ಮೇಲೆ ಸಾಗಿ ಗಣಿಯನ್ನು ತಲುಪಿತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಆ ವಿದ್ಯುತ್ತಿನ ಬಲದಿಂದ ಶಾಫ್ಟುಗಳು, ಎಂದರೆ ಆಳಕ್ಕಿಳಿಯುವ ಬಾವಿಯಂಥ ಮಾರ್ಗಗಳು, ಮತ್ತಷ್ಟು ಕೆಳಗಿಳಿದವು. ಮುಂದೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಅಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು.

ಮೂರು ಕಿಲೋಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಮೇಲಿನ ಶಿಲಾರಾಶಿಯ ಭಾರ ಎಂಟು ಸಾವಿರ ಟನ್ನಿಗೂ ಹೆಚ್ಚು. ಅದಿರನ್ನು ಕಡಿದು ತೆಗೆದಾಗ ಉಳಿಯುವ ಖಾಲಿ ಜಾಗದ ಸುತ್ತ ಈ ಒತ್ತಡ ಮರುಹಂಚಿಕೆಯಾಗುತ್ತದೆ. ಗಟ್ಟಿಯಾದ ಬಂಡೆ ಅದನ್ನು ಬಹುಕಾಲ ತನ್ನಲ್ಲಿ ಹಿಡಿದಿಟ್ಟುಕೊಂಡು, ತಡೆಯಲಾರದ ಕ್ಷಣದಲ್ಲಿ ಒಮ್ಮೆಲೇ ಸಿಡಿಯುತ್ತದೆ. ಶಿಲಾಸ್ಫೋಟ ಅಥವಾ ರಾಕ್‌ಬರ್ಸ್ಟ್ ಎಂದು ಕರೆಯುವ ಈ ಅನಾಹುತ ಕೋಲಾರದಲ್ಲಿ 1898ರಷ್ಟು ಹಿಂದೆಯೇ ದಾಖಲಾಗಿದೆ. ಅದರ ಕಂಪನವನ್ನು ಗುರುತಿಸಲು 1912ರಲ್ಲಿ ಗಣಿ ಪ್ರದೇಶದಲ್ಲಿ ಭೂಕಂಪಮಾಪಕವೊಂದನ್ನು ಸ್ಥಾಪಿಸಲಾಯಿತು. ಮರದ ಆಸರೆಗಳು ಆಳದ ಒತ್ತಡಕ್ಕೆ ಸಾಲದೆ ಹೋದಾಗ, ಖಾಲಿ ಜಾಗಗಳಲ್ಲಿ ಕಣಶಿಲೆಯ ಗೋಡೆಗಳನ್ನು ಕಟ್ಟುವ ರೂಢಿ ಬಂದಿತು. ಕಾಂಕ್ರೀಟ್ ತುಂಬುವ ವಿಧಾನ, ಅದಿರು ಕಡಿಯುವ ಅನುಕ್ರಮವನ್ನೇ ಬದಲಿಸುವ ವಿಧಾನ ಅದರ ಬೆನ್ನಿಗೆ ಬಂದವು. 1970ರ ದಶಕದ ಕೊನೆಯಲ್ಲಿ ಭಾಭಾ ಅಣುಸಂಶೋಧನ ಕೇಂದ್ರದ ನೆರವಿನಿಂದ ಸೂಕ್ಷ್ಮ ಕಂಪನಗ್ರಾಹಕಗಳ ಜಾಲ ಸಿದ್ಧವಾಗಿ, ಬಂಡೆ ಸಿಡಿದ ಸ್ಥಳವನ್ನು ಲೆಕ್ಕ ಹಾಕಿ ಗುರುತಿಸುವುದು ಸಾಧ್ಯವಾಯಿತು.

ಧೂಳಿನ ಅಧ್ಯಯನ ಇಷ್ಟು ಬೇಗ ಆರಂಭವಾಗಲಿಲ್ಲ. ಚಿನ್ನ ಅಡಗಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ, ಬೆಣಚುಕಲ್ಲೆಂದರೆ ಸಿಲಿಕಾ. ಅದನ್ನು ಕೊರೆದು ಸಿಡಿಸಿದಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳನ್ನು ಸೇರಿ ಅಲ್ಲಿ ಗಾಯದ ಕಲೆಯಂಥ ಗಡುಸಾದ ಗಂಟುಗಳನ್ನು ಮೂಡಿಸುತ್ತವೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಲ್ಲದು ಮತ್ತು ಕ್ಷಯರೋಗಕ್ಕೆ ದಾರಿ ಮಾಡಿಕೊಡುತ್ತದೆ. 1940ರ ದಶಕದಲ್ಲಿ ಕೋಲಾರದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಪ್ರತಿ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತು. 1947ರಲ್ಲಿ ಪ್ರಕಟವಾದ ಈ ವರದಿಯನ್ನು ಭಾರತದಲ್ಲಿ ಆ ರೋಗದ ಮೊದಲ ಪ್ರಮುಖ ದಾಖಲೆಯೆಂದು ವೈದ್ಯಕೀಯ ಗ್ರಂಥಗಳು ಪರಿಗಣಿಸುತ್ತವೆ. ಆ ವೇಳೆಗೆ ಆಧುನಿಕ ಗಣಿಗಾರಿಕೆ ಆರಂಭವಾಗಿ ಆರು ದಶಕಗಳು ಕಳೆದಿದ್ದವು. ಭೂಕಂಪಮಾಪಕ ಬಂದೇ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲವಾಗಿತ್ತು.

ಈ ಅಂತರಕ್ಕೆ ಕಾರಣ ವಿಜ್ಞಾನದ ಅಸಾಮರ್ಥ್ಯವೆಂದು ಹೇಳಲಾಗದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಈ ರೋಗ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ವಿಚಾರಣೆಗೆ ಒಳಪಟ್ಟು, ಪರಿಹಾರದ ಕಾನೂನುಗಳೂ ಅಲ್ಲಿ ಬಂದಿದ್ದವು. ಬಂಡೆ ಸಿಡಿದರೆ ಜೀವಹಾನಿಯೊಡನೆ ಸುರಂಗವೂ ಮುಚ್ಚುತ್ತದೆ, ಉತ್ಪಾದನೆ ನಿಲ್ಲುತ್ತದೆ, ಅದು ಅಂದೇ ಕಂಪನಿಯ ಲೆಕ್ಕಪುಸ್ತಕಕ್ಕೆ ಬರುತ್ತದೆ. ಶ್ವಾಸಕೋಶ ಕೆಡುವುದು ವರ್ಷಗಟ್ಟಲೆ ನಡೆಯುವ ಕ್ರಿಯೆ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದಿದ್ದ, ಬಹುಪಾಲು ದಲಿತ ಸಮುದಾಯಗಳಿಗೆ ಸೇರಿದ್ದ ಕಾರ್ಮಿಕರಲ್ಲಿ ಒಬ್ಬ ದುಡಿಯಲಾರದೆ ಊರಿಗೆ ಮರಳಿದರೆ ಅವನ ಕೆಮ್ಮು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಅದೇ ಕಾರ್ಮಿಕನ ದೇಹದ ಇನ್ನೊಂದು ಗುರುತಿನ ಬಗ್ಗೆ ಮಾತ್ರ ಆಡಳಿತಕ್ಕೆ ಆಸಕ್ತಿಯಿತ್ತು. 1930ರಲ್ಲಿ ಬೆರಳಚ್ಚು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಕ್ರಮ ಜಾರಿಗೆ ಬಂದಾಗ, ಅದು ತಮ್ಮನ್ನು ಅಪರಾಧಿಗಳಂತೆ ಕಾಣುವ ಅವಮಾನವೆಂದು ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ದೇಹದ ಮಾಹಿತಿ ಯಾರಿಗಾಗಿ, ಯಾರ ಒಪ್ಪಿಗೆಯಿಂದ ಸಂಗ್ರಹವಾಗಬೇಕು ಎಂದು ಇಂದಿನ ಔದ್ಯೋಗಿಕ ನೀತಿಶಾಸ್ತ್ರ ಕೇಳುವ ಪ್ರಶ್ನೆಯನ್ನು ಆ ಮುಷ್ಕರ ಅಂದೇ ಎತ್ತಿತ್ತು.

ಸ್ವಾತಂತ್ರ್ಯಾನಂತರ 1952ರ ಗಣಿ ಕಾಯಿದೆಯ ವ್ಯವಸ್ಥೆಯಲ್ಲಿ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರದ ವಶಕ್ಕೂ ಬಂದವು. ಇಲ್ಲಿ ಕೂಡಿಬಂದ ಅನುಭವದ ತಳಹದಿಯ ಮೇಲೆ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯೂ 1990ರಲ್ಲಿ ರಾಷ್ಟ್ರೀಯ ಗಣಿ ಕಾರ್ಮಿಕರ ಆರೋಗ್ಯ ಸಂಸ್ಥೆಯೂ ಗಣಿಯ ಊರಾದ ಕೆ.ಜಿ.ಎಫ್.ನಲ್ಲಿಯೇ ಸ್ಥಾಪನೆಯಾದವು. ಶಿಲಾ ಯಂತ್ರವಿಜ್ಞಾನದ ಅರಿವು ಇಂದು ದೇಶದ ಜಲವಿದ್ಯುತ್ ಯೋಜನೆಗಳ ಸುರಂಗಗಳಿಗೂ ಅಣೆಕಟ್ಟುಗಳಿಗೂ ಒದಗುತ್ತಿದೆ. ಆದರೆ ಗಣಿ ಮುಚ್ಚಿದ ಊರಿನಲ್ಲಿ ಸಯನೈಡ್ ದಿಬ್ಬಗಳು, ಎಂದರೆ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ನುಣ್ಣನೆಯ ಪುಡಿಯ ಗುಡ್ಡಗಳು, ಹಾಗೆಯೇ ನಿಂತಿವೆ. ಗಾಳಿಯ ಕಾಲದಲ್ಲಿ ಅವುಗಳ ಧೂಳು ಕಾರ್ಮಿಕರ ಕಾಲೋನಿಗಳ ಮೇಲೆ ಬೀಳುತ್ತದೆ.

ಕೋಲಾರದ ವಿಜ್ಞಾನದ ಸಾಧನೆ ದೊಡ್ಡದು ಮತ್ತು ಅದು ಉಳಿಸಿದ ಜೀವಗಳೂ ಇವೆ. ಆದರೆ ಆ ಅರಿವಿನ ಮೊದಲ ಬೆಲೆ ತೆತ್ತವರು ಸುರಂಗಕ್ಕಿಳಿದ ಕಾರ್ಮಿಕರು; ಅವರು ಸಂಶೋಧನೆಗೆ ವಿಷಯವಾದಷ್ಟು ಸುಲಭವಾಗಿ ಅದರ ಫಲಕ್ಕೆ ಹಕ್ಕುದಾರರಾಗಲಿಲ್ಲ. ಕೆಲಸದ ಜಾಗದಲ್ಲಿ ನಡೆಯುವ ಯಾವ ಅನ್ವಯಿಕ ಸಂಶೋಧನೆಯೇ ಆಗಲಿ, ಉತ್ಪಾದನೆಯ ಅಪಾಯವನ್ನೂ ದುಡಿಯುವವರ ಅಪಾಯವನ್ನೂ ಒಂದೇ ದಿನದಿಂದ, ಒಂದೇ ಶ್ರದ್ಧೆಯಿಂದ ಅಳೆಯಬೇಕು. ಕೆಲಸ ಬಿಟ್ಟು ಹೋದವರ ಆರೋಗ್ಯವನ್ನೂ ತನ್ನ ಲೆಕ್ಕದೊಳಗೆ ಇರಿಸಿಕೊಳ್ಳಬೇಕು. ಕೋಲಾರದ ನೂರಿಪ್ಪತ್ತು ವರ್ಷಗಳ ಚರಿತ್ರೆ ಮುಂದಿನ ಗಣಿಗಳಿಗೂ ಕಾರ್ಖಾನೆಗಳಿಗೂ ಹೊರಿಸುವ ಹೊಣೆ ಇದು.