ಅಮೆರಿಕದ ಮೊದಲ ಪಕ್ಷಗಳ ಪೈಪೋಟಿ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1790ರ ದಶಕದಲ್ಲಿ ಹುಟ್ಟಿ, ಸುಮಾರು ಕಾಲು ಶತಮಾನ ನಡೆದ ರಾಜಕೀಯ ಸ್ಪರ್ಧೆ. ಒಂದು ಕಡೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮುಂದಾಳತ್ವದ ಫೆಡರಲಿಸ್ಟರು; ಇನ್ನೊಂದು ಕಡೆ ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್ ಕಟ್ಟಿದ ರಿಪಬ್ಲಿಕನ್ನರು. ಇತಿಹಾಸಕಾರರು ಇವರನ್ನು ಡೆಮಾಕ್ರಟಿಕ್-ರಿಪಬ್ಲಿಕನ್ನರೆಂದು ಕರೆಯುತ್ತಾರೆ. ಇಂದಿನ ರಿಪಬ್ಲಿಕನ್ ಪಕ್ಷ 1854ರಲ್ಲಿ ಬೇರೆಯಾಗಿಯೇ ಹುಟ್ಟಿತು.

1787ರ ಸಂವಿಧಾನದಲ್ಲಿ ಪಕ್ಷಗಳ ಪ್ರಸ್ತಾಪವೇ ಇಲ್ಲ. ಒಡಕು ಮೂಡಿದ್ದು ಹಣದ ವಿಷಯದಲ್ಲಿ. ಮೊದಲ ಅಧ್ಯಕ್ಷ ವಾಷಿಂಗ್ಟನ್ನರ ಸಂಪುಟದಲ್ಲಿ ಖಜಾನೆ ಕಾರ್ಯದರ್ಶಿಯಾಗಿದ್ದ ಹ್ಯಾಮಿಲ್ಟನ್, ರಾಜ್ಯಗಳು ಸ್ವಾತಂತ್ರ್ಯ ಯುದ್ಧಕ್ಕಾಗಿ ಮಾಡಿದ್ದ ಸಾಲವನ್ನು ಕೇಂದ್ರವೇ ಹೊರಬೇಕೆಂದರು. 1791ರಲ್ಲಿ ರಾಷ್ಟ್ರೀಯ ಬ್ಯಾಂಕ್ ಸ್ಥಾಪಿಸಿದರು. ಬ್ಯಾಂಕ್ ತೆರೆಯುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿದೆ ಎಂದು ಜೆಫರ್ಸನ್ ಮತ್ತು ಮ್ಯಾಡಿಸನ್ ಪಟ್ಟು ಹಿಡಿದರು. ಫ್ರಾನ್ಸಿನ ಕ್ರಾಂತಿ, ಬ್ರಿಟನ್ನಿನೊಡನೆ ಮಾಡಿಕೊಂಡ 1794ರ ಜೇ ಒಪ್ಪಂದ ಈ ಬಿರುಕನ್ನು ಇನ್ನಷ್ಟು ಅಗಲಿಸಿದವು.

1796ರಲ್ಲಿ ಫೆಡರಲಿಸ್ಟ್ ಜಾನ್ ಆಡಮ್ಸ್, ರಾಜ್ಯಗಳು ಆರಿಸಿದ ಚುನಾಯಕರ 71 ಮತ ಪಡೆದು ಅಧ್ಯಕ್ಷರಾದರು. 68 ಮತ ಪಡೆದ ಎದುರಾಳಿ ಜೆಫರ್ಸನ್ನರೇ ಅಂದಿನ ನಿಯಮದಂತೆ ಉಪಾಧ್ಯಕ್ಷರಾದರು. ಎರಡು ವರ್ಷದೊಳಗೆ ಫೆಡರಲಿಸ್ಟರು ತಮ್ಮ ದೊಡ್ಡ ತಪ್ಪನ್ನು ಮಾಡಿದರು. 1798ರ ದೇಶದ್ರೋಹ ಕಾಯ್ದೆ ಸುಳ್ಳು, ದುರುದ್ದೇಶದ್ದೆಂಬ ಹೆಸರಿನಲ್ಲಿ ಸರ್ಕಾರದ ಟೀಕೆಯನ್ನು ಅಪರಾಧವಾಗಿಸಿತು. ಪತ್ರಿಕಾ ಸಂಪಾದಕರು ಜೈಲು ಸೇರಿದರು. ವರ್ಮಾಂಟಿನ ಕಾಂಗ್ರೆಸ್ ಸದಸ್ಯ ಮ್ಯಾಥ್ಯೂ ಲಯನ್‌ಗೆ ನಾಲ್ಕು ತಿಂಗಳ ಸೆರೆವಾಸ, 1,000 ಡಾಲರ್ ದಂಡ ಬಿದ್ದವು. ಮತದಾರರು ಸೆರೆಮನೆಯಲ್ಲಿದ್ದ ಅವರನ್ನೇ ಮತ್ತೆ ಗೆಲ್ಲಿಸಿದರು. ಭಿನ್ನಮತವನ್ನು ದ್ರೋಹವೆಂದು ಕಂಡ ಪಕ್ಷಕ್ಕೆ ಜನ ಕೊಟ್ಟ ನೇರ ಉತ್ತರವಿದು.

1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳಿಗೆ ಬೇರೆಬೇರೆ ಮತ ಇರದಿದ್ದರಿಂದ ಜೆಫರ್ಸನ್ ಮತ್ತು ಅವರ ಜೊತೆ ಅಭ್ಯರ್ಥಿ ಏರನ್ ಬರ್ ಇಬ್ಬರಿಗೂ ತಲಾ 73 ಮತ ಬಂದು, ತೀರ್ಮಾನ ಜನಪ್ರತಿನಿಧಿ ಸಭೆಗೆ ಹೋಯಿತು. 1801ರ ಫೆಬ್ರವರಿ 17ರಂದು, 36ನೆಯ ಸುತ್ತಿನಲ್ಲಿ, ಜೆಫರ್ಸನ್ ಆಯ್ಕೆಯಾದರು. ಬರ್‌ಗಿಂತ ಜೆಫರ್ಸನ್ನರೇ ಮೇಲೆಂದು ತಮ್ಮ ಪಕ್ಷದವರಿಗೆ ಒತ್ತಿ ಹೇಳಿದವರು ಸ್ವತಃ ಹ್ಯಾಮಿಲ್ಟನ್. 1804ರಲ್ಲಿ ಅದೇ ಬರ್ ದ್ವಂದ್ವಯುದ್ಧದಲ್ಲಿ ಹ್ಯಾಮಿಲ್ಟನ್ನರನ್ನು ಕೊಂದರು. ಆ ವರ್ಷವೇ ಬಂದ 12ನೆಯ ತಿದ್ದುಪಡಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮತಗಳನ್ನು ಬೇರ್ಪಡಿಸಿತು.

ಗುಂಡು ಹಾರದೆ ಅಧಿಕಾರ ಒಂದು ಪಕ್ಷದಿಂದ ಎದುರು ಪಕ್ಷಕ್ಕೆ ಹೋಯಿತಲ್ಲ, ಈ ಪೈಪೋಟಿಯ ನಿಜವಾದ ಸಾಧನೆ ಅದೇ. ಆದರೂ ಇದನ್ನು ಶುದ್ಧ ಜನಾಭಿಪ್ರಾಯದ ಗೆಲುವೆನ್ನಲಾಗದು. ಮತದ ಹಕ್ಕೇ ಇಲ್ಲದ ಗುಲಾಮರಲ್ಲಿ ಐದರಲ್ಲಿ ಮೂರು ಪಾಲನ್ನು ಜನಸಂಖ್ಯೆಗೆ ಸೇರಿಸುವ ನಿಯಮದಿಂದ ದಕ್ಷಿಣದ ರಾಜ್ಯಗಳಿಗೆ ಹೆಚ್ಚುವರಿ ಚುನಾಯಕ ಮತಗಳು ದೊರಕಿದ್ದವು. ಅದರ ಲಾಭ ಜೆಫರ್ಸನ್ನರಿಗಾಯಿತು.

ಬ್ರಿಟನ್ ವಿರುದ್ಧದ 1812ರ ಯುದ್ಧವನ್ನು ವಿರೋಧಿಸಿದ ಫೆಡರಲಿಸ್ಟರು 1814ರ ಡಿಸೆಂಬರಿನಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಸಭೆ ಸೇರಿ, ದೇಶ ಒಡೆಯುವವರೆಂಬ ಅಪವಾದ ಹೊತ್ತರು. 1816ರ ನಂತರ ಆ ಪಕ್ಷ ಅಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯನ್ನು ನಿಲ್ಲಿಸಲಿಲ್ಲ. ಆದರೆ ಅದರ ವಿಚಾರ ಸಾಯಲಿಲ್ಲ. ಆಡಮ್ಸ್ ನೇಮಿಸಿದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1835ರವರೆಗೆ ಕೇಂದ್ರದ ಅಧಿಕಾರವನ್ನು ಎತ್ತಿಹಿಡಿದರು. 1791ರಲ್ಲಿ ಬ್ಯಾಂಕನ್ನು ವಿರೋಧಿಸಿದ್ದ ಮ್ಯಾಡಿಸನ್ನರೇ 1816ರಲ್ಲಿ, ಅಧ್ಯಕ್ಷರಾಗಿ, ಎರಡನೆಯ ರಾಷ್ಟ್ರೀಯ ಬ್ಯಾಂಕಿನ ಮಸೂದೆಗೆ ಸಹಿ ಹಾಕಿದರು.