ವಜ್ರದ ದುಡ್ಡು, ಧಾರವಾಡದ ಹುಡುಗ

ಕಾಸರಗೋಡಿನಲ್ಲಿ ಕನ್ನಡ ಓದಿದವರಿಗೆ ಗಿರೀಶ್ ಕಾರ್ನಾಡರ ಹೆಸರು ಗೊತ್ತು. ಅವರು ಆಕ್ಸ್‌ಫರ್ಡಿನಲ್ಲಿ ಓದಿದ್ದು ಯಾರ ದುಡ್ಡಿನಲ್ಲಿ ಎಂಬುದು ನಮ್ಮ ಮನೆಗಳಲ್ಲಿ ಅಷ್ಟಾಗಿ ಗೊತ್ತಿಲ್ಲ. ಅದು ರೋಡ್ಸ್ ಸ್ಕಾಲರ್‌ಶಿಪ್.

ಅಂಗಡಿಯವರ ಮನೆಯಲ್ಲಿ ಬೆಳೆದವನಾದ್ದರಿಂದ ಹಣ ಎಲ್ಲಿಂದ ಬಂತು ಎಂದು ಮೊದಲು ಕೇಳುವುದು ನನ್ನ ಅಭ್ಯಾಸ. ಸೆಸಿಲ್ ರೋಡ್ಸ್ ಎಂಬ ಇಂಗ್ಲಿಷಿನವ ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಗಳನ್ನು ಕೈವಶ ಮಾಡಿಕೊಂಡು 1888ರಲ್ಲಿ ಡಿ ಬಿಯರ್ಸ್ ಕಂಪನಿ ಕಟ್ಟಿದ. ನೆಲ ಅಗೆದವರು ಕಪ್ಪು ಜನ. ಮುಂದೆ ಕೇಪ್ ಪ್ರಾಂತ್ಯದ ಪ್ರಧಾನಿಯಾಗಿ ಅದೇ ಜನರ ಮತದ ಹಕ್ಕನ್ನೂ ಮೊಟಕು ಮಾಡಿದ. 1902ರಲ್ಲಿ ಸತ್ತಾಗ, ಬ್ರಿಟಿಷ್ ವಸಾಹತುಗಳ, ಅಮೆರಿಕದ ಮತ್ತು ಜರ್ಮನಿಯ ಹುಡುಗರನ್ನು ಆಕ್ಸ್‌ಫರ್ಡಿನಲ್ಲಿ ಓದಿಸಬೇಕೆಂದು ಉಯಿಲು ಬರೆದಿಟ್ಟಿದ್ದ. ಭಾರತದ ಹೆಸರು ಅದರಲ್ಲಿ ಇರಲಿಲ್ಲ.

ಆದರೆ ಉಯಿಲಿನಲ್ಲಿ ಒಂದು ಮಾತಿತ್ತು: ಜನಾಂಗ, ಧರ್ಮದ ಕಾರಣಕ್ಕೆ ಯಾರನ್ನೂ ಬಿಡುವಂತಿಲ್ಲ. ಅವನ ತಲೆಯಲ್ಲಿದ್ದದ್ದು ಬಿಳಿಯರೊಳಗಿನ ಭೇದ ಮಾತ್ರ ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಇರಲಿ, ಬರೆದದ್ದು ಬರೆದದ್ದೇ. 1907ರಲ್ಲಿ ಅಲೈನ್ ಲಾಕ್ ಎಂಬ ಕಪ್ಪು ಅಮೆರಿಕನ್ ಯುವಕ ಆಯ್ಕೆಯಾದ. ಕೆಲವು ಕಾಲೇಜುಗಳು ಸೇರಿಸಿಕೊಳ್ಳಲಿಲ್ಲ, ಹರ್ಟ್‌ಫರ್ಡ್ ಕಾಲೇಜು ಸೇರಿಸಿಕೊಂಡಿತು. ಭಾರತದ ಮೊದಲ ವಿದ್ಯಾರ್ಥಿಗಳು ಹೋದದ್ದು 1947ರಲ್ಲಿ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲು 1977 ಆಗಬೇಕಾಯಿತು.

ನಮ್ಮ ಕಾಸರಗೋಡು ಸರಕಾರಿ ಕಾಲೇಜು ಶುರುವಾದದ್ದು 1957ರಲ್ಲಿ. ಅದರ ಮರುವರ್ಷ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರದ ಡಿಗ್ರಿ ಮುಗಿಸಿದರು. 1960ರಲ್ಲಿ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜು ಸೇರಿ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು. 1963ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಇಂಗ್ಲಿಷ್ ಕವಿಯಾಗಬೇಕೆಂದಿದ್ದ ಹುಡುಗ ಹೊರಡುವ ಹೊತ್ತಿಗೆ ಕನ್ನಡದಲ್ಲಿ ‘ಯಯಾತಿ’ ಬರೆದದ್ದು ನನಗಂತೂ ಬಹಳ ಖುಷಿಯ ಸಂಗತಿ.

ಇಂಥ ದುಡ್ಡು ಮುಟ್ಟಬಹುದೇ? 2015ರಲ್ಲಿ ಕೇಪ್‌ಟೌನ್ ವಿದ್ಯಾರ್ಥಿಗಳು ಹೋರಾಡಿ ರೋಡ್ಸ್‌ನ ಪ್ರತಿಮೆ ತೆಗೆಸಿದರು, ಸರಿಯಾದದ್ದೇ. ಆದರೆ 2002ರಲ್ಲಿ ಮಂಡೇಲಾ ಅವರೇ ಆಫ್ರಿಕಾದ ಮಕ್ಕಳ ಓದಿಗಾಗಿ ತಮ್ಮ ಹೆಸರನ್ನು ಆ ಹೆಸರಿನ ಜೊತೆ ಸೇರಿಸಲು ಒಪ್ಪಿದ್ದರು. ಪ್ರತಿಮೆ ಹೋಗಲಿ, ದುಡ್ಡು ಬಿಡುವುದು ಬೇಡ. ಅದನ್ನು ಅವನು ಎಣಿಸದಿದ್ದ ಮನೆಗಳ ಮಕ್ಕಳೇ ಪಡೆಯಲಿ.

ಫೀಸು, ಊಟ-ವಸತಿಯ ಖರ್ಚು, ವಿಮಾನದ ಟಿಕೆಟು ಎಲ್ಲಾ ಅವರದ್ದೇ. ಡಿಗ್ರಿಯ ಕೊನೆಯ ವರ್ಷದಲ್ಲೇ ಅರ್ಜಿ ಹಾಕಬಹುದು. ನನ್ನಂತೆ ಡಿಪ್ಲೊಮಾಕ್ಕೆ ನಿಲ್ಲಿಸಿದವರಿಗೆ ಸಿಗುವುದಿಲ್ಲ, ವಯಸ್ಸಿನ ಮಿತಿಯೂ ಇದೆ. ಮನೆಯಲ್ಲಿ ಡಿಗ್ರಿಗೆ ಹೋಗುವ ಮಗಳಿದ್ದರೆ, ವೀಸಾ ಬಂದ ಹುಡುಗನನ್ನು ಹುಡುಕುವ ಮೊದಲು ಈ ಹೆಸರು ಹೇಳಿಬಿಡಿ.