ಪರಿಹಾರ

‘ಪರಿ’ ಉಪಸರ್ಗಕ್ಕೆ ‘ಹೃ’ ಧಾತು ಸೇರಿ ಆದ ಪದ. ಮೂಲಾರ್ಥ ನಿವಾರಣೆ, ದೂರ ಮಾಡುವುದು. ಹಳೆಯ ದತ್ತಿಶಾಸನಗಳ ‘ಸರ್ವಬಾಧಾಪರಿಹಾರ’ ಎಂದರೆ ತೆರಿಗೆ-ಕಾಟಗಳಿಂದ ವಿನಾಯಿತಿ. ದುಡ್ಡಿನ ಅರ್ಥ ನ್ಯಾಯಾಲಯದ ಬಳಕೆಯಲ್ಲಿ ಗಟ್ಟಿಯಾಯಿತು. ಕನ್ನಡದ ‘ನಷ್ಟಪರಿಹಾರ’ ತೆಲುಗಿನಲ್ಲೂ ಇರುವುದರಿಂದ ಹೈದರಾಬಾದಿನ ನಾಚಾರಂನಲ್ಲಿ ನೆಲೆಸಿದ ಕನ್ನಡಿಗನಿಗೆ ಅದು ಹೊಸದಲ್ಲ.

ಆದರೆ ಅರ್ಥ ಕಾಯ್ದೆಯಿಂದ ಕಾಯ್ದೆಗೆ ಬದಲಾಗುತ್ತದೆ. ನಾಚಾರಂ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿದ ಇಎಸ್‌ಐ (ನೌಕರರ ರಾಜ್ಯ ವಿಮೆ) ವಿಮಾದಾರನಿಗೆ ಸಿಗುವುದು ‘ಸೌಲಭ್ಯ’. ಅದೇ ಗಾಯಕ್ಕೆ ಮಾಲೀಕನಿಂದ ‘ಪರಿಹಾರ’ ಕೇಳದಂತೆ, 2025ರವರೆಗೆ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ 53ನೇ ಕಲಂ ತಡೆಯುತ್ತಿತ್ತು. ರಸ್ತೆ ಅಪಘಾತಕ್ಕೆ ಮಾತ್ರ 1988ರ ಮೋಟಾರು ವಾಹನ ಕಾಯ್ದೆಯ 168ನೇ ಕಲಮಿನ ‘ನ್ಯಾಯಯುತ ಪರಿಹಾರ’ ಅನ್ವಯ. ಲೆಕ್ಕ ಹೀಗೆ: ವಯಸ್ಸು 32, ತಿಂಗಳ ದುಡಿಮೆ 15,000 ರೂಪಾಯಿ, ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ ಎಂದರೆ ವರ್ಷಕ್ಕೆ 54,000. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪು (2009) ಈ ವಯಸ್ಸಿಗೆ ಕೊಟ್ಟ ಗುಣಕ 16, ಒಟ್ಟು 8,64,000. ಚಿಕಿತ್ಸಾ ವೆಚ್ಚ, ನೋವು-ಯಾತನೆಯ ಬಾಬ್ತು ಬೇರೆ.

ಈ ಪರಿಹಾರದಲ್ಲಿ ‘ಇಷ್ಟು ಪರ್ಸೆಂಟ್ ನನಗೆ’ ಎಂದು ವಕೀಲರು ಕರಾರು ಮಾಡಿಕೊಳ್ಳುವಂತಿಲ್ಲ. ಗೆಲುವಿಗೆ ಗಂಟು ಹಾಕಿದ ಶುಲ್ಕವನ್ನು ಬ್ರಿಟನ್, ಅಮೆರಿಕ ಒಪ್ಪಿದರೂ ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿ ನಿಷೇಧಿಸಿದೆ. ತೆಲಂಗಾಣದ ಅಪಘಾತ ಪರಿಹಾರದಿಂದಲೇ ಹುಟ್ಟಿದ, ವಕೀಲರ ಶುಲ್ಕದ ಚೆಕ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಇಂಥ ಬೇಡಿಕೆಯನ್ನು ವೃತ್ತಿ ದುರ್ನಡತೆ ಎಂದು ಕರೆದು, ಕಕ್ಷಿದಾರಳ ಮೇಲಿನ ಮೊಕದ್ದಮೆ ರದ್ದುಪಡಿಸಿತು. ಬಾಯಿಮಾತಿನ ಪರ್ಸೆಂಟೇಜಂತೂ ನಿಂತಿಲ್ಲ.